ಹೊಟ್ಟು, ಸಿಪ್ಪೆ, ನಂಜು: ಕಪಿಲೆ ದಂಡೆಯಿಂದ ಕೆಜಿಎಫ್‌ವರೆಗೆ

ಪೋಸ್ಟ್ 1

ಈ ಫೋಟೋ ನಿಮ್ಮ ಅಜ್ಜಿಗೆ ತೋರಿಸಿ, ಥಟ್ ಅಂತ ಗುರುತು ಹಿಡೀತಾರೆ. ನಂಜನಗೂಡು ಹಲ್ಲುಪುಡಿ! ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯದ್ದು. ಪೇಸ್ಟು, ಬ್ರಷ್ಷು ಬರೋ ಮುಂಚೆ ಹಳೇ ಮೈಸೂರಿನ ಎಷ್ಟೋ ಬಚ್ಚಲುಮನೆಗಳಲ್ಲಿ ಇದೇ ಇದ್ದದ್ದು. ಒಳಗೆ ಏನಿತ್ತು ಗೊತ್ತಾ? ಗಿಡಮೂಲಿಕೆಗಳ ಜೊತೆಗೆ ಭತ್ತದ ಹೊಟ್ಟು ಸುಟ್ಟ ಬೂದಿ.

ಗಿರಣಿ ಹಿಂದೆ ಗುಡ್ಡೆ ಬೀಳೋ ವಸ್ತುವನ್ನ ಪೊಟ್ಟಣ ಕಟ್ಟಿ ಊರೂರಿಗೆ ಮಾರಿದ್ದು ಸಣ್ಣ ವಿಷಯವಲ್ಲ. ಲೆಕ್ಕ ನೋಡಿ: 100 ಕೆಜಿ ಭತ್ತ ಬಡಿದರೆ ಸುಮಾರು 20 ಕೆಜಿ ಹೊಟ್ಟು. ಆ ಹೊಟ್ಟನ್ನ ಪೂರ್ತಿ ಸುಟ್ಟರೆ 4 ಕೆಜಿ ಬೂದಿ, ಅದರಲ್ಲಿ ಹೆಚ್ಚಿನ ಪಾಲು ಸಿಲಿಕಾ. ಗಾಳಿ ಕಮ್ಮಿ ಮಾಡಿ ಸುಟ್ಟರೆ ಕರಿ ಉಳಿಯುತ್ತೆ. ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರೋ ಕರಿ.

ಆ ರಂಧ್ರಗಳಿಗೆ ಒಂದು ಚರಿತ್ರೆ ಇದೆ. ರಷ್ಯಾದಲ್ಲಿ ಕೆಲಸ ಮಾಡ್ತಿದ್ದ ಲೋವಿಟ್ಸ್ ಅನ್ನೋ ರಸಾಯನಶಾಸ್ತ್ರಜ್ಞ 1785ರಲ್ಲಿ, ಇದ್ದಿಲು ದ್ರವದೊಳಗಿನ ಬಣ್ಣವನ್ನ ತನ್ನ ಮೈಗೆ ಅಂಟಿಸಿಕೊಳ್ಳುತ್ತೆ ಅಂತ ಕಂಡುಕೊಂಡ. ಇವತ್ತು ನಿಮ್ಮ ಮನೆ ವಾಟರ್ ಫಿಲ್ಟರ್ ಒಳಗಿರೋ ಕಾರ್ಬನ್ ಅದರ ಮೊಮ್ಮಗ.

ನಮ್ಮಲ್ಲಿ ಇನ್ನೂ ಹಳೆಯದು ಚಿಲ್ಲದ ಬೀಜ. ಮಡಕೆ ಒಳಗೆ ತೇಯ್ದರೆ ರಾಡಿ ನೀರು ತಿಳಿಯಾಗುತ್ತೆ. ಸುಶ್ರುತ ಸಂಹಿತೆಯಲ್ಲಿ ಇದು ಕತಕ ಅನ್ನೋ ಹೆಸರಲ್ಲಿದೆ. ಆದರೆ ಇಲ್ಲೊಂದು ಎಚ್ಚರ. ಚಿಲ್ಲದ ಬೀಜ ಕೂರಿಸೋದು ಮಣ್ಣನ್ನ. ಮಣ್ಣು ಕಣ್ಣಿಗೆ ಕಾಣುತ್ತೆ. ನೀರಲ್ಲಿ ಕರಗಿದ ಸೀಸ, ತಾಮ್ರ, ಕ್ರೋಮಿಯಂ ಕಾಣಲ್ಲ. ಗಾಜಿನಷ್ಟು ತಿಳಿಯಾದ ನೀರಲ್ಲೂ ಇರಬಹುದು. ಅಂಥ ನೀರು ಬರೋ ಜಾಗಗಳಲ್ಲಿ ಗಣಿಗಳೂ ಒಂದು. ಗಣಿಗೂ ನಮ್ಮೂರಿಗೂ ಏನು ಸಂಬಂಧ ಅಂತೀರಾ? ಹೊಳೆ ಜೊತೆ ಸ್ವಲ್ಪ ಕೆಳಕ್ಕೆ ಬನ್ನಿ.

ಪೋಸ್ಟ್ 2

ನಂಜನಗೂಡಿನ ಸ್ನಾನಘಟ್ಟ ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರ್ತಾಳೆ. ಟಿ. ನರಸೀಪುರದವರಿಗೆ ಹೇಳಬೇಕಿಲ್ಲ, ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯೋ ಜಾಗ. ಅಲ್ಲಿಂದ ತಲಕಾಡು, ಆಮೇಲೆ ಶಿವನಸಮುದ್ರದ ಜಲಪಾತ.

1902ರ ಜೂನ್ 30. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಓಡಿ ಕೋಲಾರ ಚಿನ್ನದ ಗಣಿ ತಲುಪಿತು. ಬೆಂಗಳೂರಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷ ಆದಮೇಲೆ, 1905ರಲ್ಲಿ. ಅಂದರೆ ನಮ್ಮ ಕೂಡಲು ದಾಟಿ ಹೋದ ನೀರು ಮೊದಲು ಬೆಳಗಿದ್ದು ರಾಜಧಾನಿಯ ಬೀದಿಯನ್ನೂ ಅಲ್ಲ, ನಮ್ಮ ಮನೆಗಳನ್ನೂ ಅಲ್ಲ. ಜಾನ್ ಟೇಲರ್ ಕಂಪನಿಯ ಗಣಿಯನ್ನ! ಇತಿಹಾಸದ ಪುಸ್ತಕದಲ್ಲಿ ಇದನ್ನ ಹೆಮ್ಮೆಯ ಸಾಲಾಗಿ ಬರೀತಾರೆ. ಹೆಮ್ಮೆ ಇರಲಿ, ಆದರೆ ಆ ಕರೆಂಟಿನ ಇನ್ನೊಂದು ತುದಿಯಲ್ಲಿ ಏನಾಯ್ತು ಅನ್ನೋದನ್ನೂ ಬರೀಬೇಕಲ್ವಾ?

ಅಲ್ಲಿ ಕಲ್ಲನ್ನ ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಈ ವಿಧಾನಕ್ಕೆ ಗ್ಲಾಸ್ಗೋದಲ್ಲಿ ಪೇಟೆಂಟ್ ಆದದ್ದು 1887ರಲ್ಲಿ. 120 ವರ್ಷದಲ್ಲಿ ಕೆಜಿಎಫ್ ಕೊಟ್ಟ ಚಿನ್ನ ಸುಮಾರು 800 ಟನ್. ಬಿಟ್ಟು ಹೋದ ಪುಡಿ? ಮೂರು ಕೋಟಿ ಟನ್‌ಗೂ ಜಾಸ್ತಿ. ಎರಡನೇ ಫೋಟೋದಲ್ಲಿ ಬೆಟ್ಟದ ಹಾಗೆ ಕಾಣ್ತಿದೆಯಲ್ಲ, ಅದು ಬೆಟ್ಟವಲ್ಲ, ಅದೇ ಪುಡಿ. ಊರಿನವರ ಬಾಯಲ್ಲಿ ಸೈನೈಡ್ ದಿಬ್ಬ. ಸಿನಿಮಾದವರಿಗೆ ಒಳ್ಳೇ ಲೊಕೇಶನ್ನು, ಗಾಳಿ ಬೀಸಿದಾಗ ಆ ಧೂಳು ಕುಡಿಯೋದು ಮಾತ್ರ ಅಲ್ಲಿಯ ಜನ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತವು, ಮೂರು ಕಿಲೋಮೀಟರಿಗೂ ಆಳದ ಸುರಂಗಗಳಿಗೆ ನೀರು ತುಂಬಿತು. ದಿಬ್ಬಗಳು ಮೇಲೆ ಹಾಗೇ ಉಳಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆ ಪುಡಿಯನ್ನ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಸೈನೈಡ್ ಒಂದನ್ನೇ ನೋಡಲಿಲ್ಲ, ಆಮ್ಲದ ಸೋರಿಕೆಯನ್ನೂ ನೋಡಿತು.

ಆಮ್ಲ ಎಲ್ಲಿಂದ ಬಂತು ಅಂದರೆ, ಅದಿರಿನ ಜೊತೆ ಗಂಧಕ ಇರೋ ಖನಿಜಗಳು ಇರ್ತವೆ. ನೆಲದೊಳಗೆ ಕೋಟ್ಯಂತರ ವರ್ಷ ಸುಮ್ಮನೆ ಮಲಗಿದ್ದವು. ಹೊರಗೆ ತೆಗೆದು ಪುಡಿ ಮಾಡಿ ಗಾಳಿ, ಮಳೆಗೆ ಒಡ್ಡಿದರೆ ಸಲ್ಫ್ಯೂರಿಕ್ ಆಮ್ಲ ಆಗುತ್ತೆ. ಆ ಆಮ್ಲ ಸುತ್ತಲಿನ ಲೋಹಗಳನ್ನ ಕರಗಿಸಿಕೊಂಡು ಹರಿಯುತ್ತೆ. ಗಣಿ ಮುಚ್ಚಿದ ದಿನ ಇದು ನಿಲ್ಲಲ್ಲ. ದಶಕಗಳಷ್ಟು ಕಾಲ ನಡೀಬಹುದು.

ಪೋಸ್ಟ್ 3

ಕೆಜಿಎಫ್ ದೂರ ಆಯ್ತು ಅನ್ನೋರಿಗೆ: ನಮ್ಮ ಸುತ್ತಲೂ ಗಣಿಗಳಿದ್ದವು. ಸಿಂಧುವಳ್ಳಿ, ತಳೂರು ಕಡೆ ಕ್ರೋಮೈಟ್. ದೊಡ್ಡಕಾನ್ಯ, ಕಾರ್ಯದ ಕಡೆ ಮ್ಯಾಗ್ನೆಸೈಟ್. ಭೂವಿಜ್ಞಾನಿಗಳಿಗೆ ಈ ಹೆಸರುಗಳು ಚೆನ್ನಾಗಿ ಗೊತ್ತು, ನಮಗೇ ಗೊತ್ತಿಲ್ಲ! ಆ ಹಳ್ಳಗಳ ನೀರು ಕೆಟ್ಟಿದೆ ಅಂತ ನಾನು ಹೇಳ್ತಿಲ್ಲ, ಪರೀಕ್ಷೆ ಮಾಡದೆ ಯಾರೂ ಹೇಳಬಾರದು. ಆದರೆ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕ್ರೋಮೈಟ್ ಪ್ರದೇಶದ ಮಣ್ಣನ್ನ ಪರೀಕ್ಷಿಸಿದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರೋಮಿಯಂ, ನಿಕ್ಕಲ್ ಹೆಚ್ಚಾಗಿರೋದನ್ನ ತೋರಿಸಿದರು. ಒಡಿಶಾದ ಸುಕಿಂದಾ ಕಣಿವೆಯಲ್ಲಂತೂ ಗಣಿ ನೀರಿನ ಕ್ರೋಮಿಯಂ ದೊಡ್ಡ ತಲೆನೋವು.

ಈಗ ಸಿಪ್ಪೆಯ ಕಥೆ. ನಂಜನಗೂಡು ರಸಬಾಳೆ ತಿಂದಿದ್ದೀರಾ? ಜಿಐ ಟ್ಯಾಗ್ ಇದೆ, ಆದರೆ ಪನಾಮ ಸೊರಗು ರೋಗ ಬಂದು ತೋಟಗಳೇ ಕರಗಿ ಹೋದವು. ಸಿಕ್ಕಿದರೆ ಬಿಡಬೇಡಿ. ಸಿಪ್ಪೆಯನ್ನೂ ಎಸೀಬೇಡಿ, ಯಾಕಂದ್ರೆ 2011ರಲ್ಲಿ ಬ್ರೆಜಿಲ್‌ನ ಬೊಟುಕಾಟು ಊರಿನ ವಿಜ್ಞಾನಿಗಳು ಒಣಗಿಸಿ ಪುಡಿ ಮಾಡಿದ ಬಾಳೆ ಸಿಪ್ಪೆ ನದಿ ನೀರಿನಿಂದ ಸೀಸ, ತಾಮ್ರವನ್ನ ಹಿಡಿಯುತ್ತೆ ಅಂತ ತೋರಿಸಿದರು. ಒಂದೇ ಪುಡಿಯನ್ನ 11 ಸಲ ಮತ್ತೆ ಮತ್ತೆ ಬಳಸಿದರು!

ಹೇಗೆ? ಬೆಳಗ್ಗೆ ಎಂಟು ಗಂಟೆಯ ನಂಜನಗೂಡು–ಮೈಸೂರು ಬಸ್ಸು ನೆನಪು ಮಾಡ್ಕೊಳ್ಳಿ. ಸಿಪ್ಪೆಯ ಮೈಮೇಲೆ ಸಣ್ಣ ಸಣ್ಣ ಸೀಟುಗಳಿವೆ. ಕೆಮಿಸ್ಟ್ರಿಯಲ್ಲಿ ಕಾರ್ಬಾಕ್ಸಿಲ್ ಗುಂಪು ಅಂತ ಓದಿದ್ದೀವಲ್ಲ, ಅವೇ. ಅಲ್ಲಿ ಮೊದಲು ಹೈಡ್ರೋಜನ್, ಕ್ಯಾಲ್ಸಿಯಂ ಕೂತಿರ್ತವೆ. ಸೀಸ ಬಂದು ಅವನ್ನ ಎಬ್ಬಿಸಿ ತಾನು ಕೂತ್ಕೊಳ್ಳುತ್ತೆ.

ಈಗ ನೀರೇ ಹುಳಿಯಾಗಿದ್ದರೆ? ಹೈಡ್ರೋಜನ್ ಬಸ್ಸಿನ ತುಂಬ. ಸೀಸಕ್ಕೆ ನಿಲ್ಲೋಕೂ ಜಾಗ ಇಲ್ಲ. ಗಣಿಯಿಂದ ಬರೋ ನೀರು ಎಷ್ಟೋ ಸಲ ಇಂಥದ್ದೇ. ಹಾಗಾಗಿ ಲ್ಯಾಬಿನ ಬೀಕರಿನಲ್ಲಿ ಶೇಕಡಾ 90 ಹಿಡಿದ ಸಿಪ್ಪೆ ಗಣಿ ಬಾಯಲ್ಲಿ ಕೈ ಎತ್ತಬಹುದು. ಮೊದಲು ಸುಣ್ಣಕಲ್ಲಿನ ಮೇಲೆ ಹರಿಸಿ ಹುಳಿ ಇಳಿಸಬೇಕು. ಮೊಟ್ಟೆ ಚಿಪ್ಪು, ಬಸವನಹುಳು ಚಿಪ್ಪು ಕೂಡ ಅದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ವಿಷಕಾರಿ ಆರು ವೇಲೆನ್ಸಿ ಕ್ರೋಮಿಯಂ ಮಾತ್ರ ಉಲ್ಟಾ ಗಿರಾಕಿ. ಅದು ಋಣ ವಿದ್ಯುದಂಶದ್ದು, ಹುಳಿ ನೀರಿನಲ್ಲೇ ಚೆನ್ನಾಗಿ ಅಂಟುತ್ತೆ, ಅಂಟಿದಮೇಲೆ ಹೊಟ್ಟು, ಸಿಪ್ಪೆಗಳ ಸಹವಾಸದಲ್ಲಿ ಕಡಿಮೆ ವಿಷದ ಮೂರು ವೇಲೆನ್ಸಿಗೆ ಇಳಿಯುತ್ತೆ. ಅಂದರೆ ಯಾವ ಲೋಹ ಅಂತ ಕೇಳದೆ “ಬಾಳೆ ಸಿಪ್ಪೆ ನೀರು ಶುದ್ಧ ಮಾಡುತ್ತೆ” ಅನ್ನೋ ರೀಲ್ಸ್ ಅರ್ಧ ಸುಳ್ಳು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಮನೆ ಬಿಂದಿಗೆಗೂ ಹಾಕಬೇಡಿ.

ಪೋಸ್ಟ್ 4

ಲ್ಯಾಬಿನ ಹೊರಗೆ, ನಿಜವಾದ ಗಣಿಯಲ್ಲಿ ಯಾರಾದರೂ ಮಾಡಿದ್ದಾರಾ? ಮಾಡಿದ್ದಾರೆ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಫೋರ್ಸ್ ಕ್ರ್ಯಾಗ್ ಅನ್ನೋ ಸತು–ಸೀಸದ ಗಣಿ 1991ರಲ್ಲಿ ನಿಂತಿತು. ನೀರು ಮಾತ್ರ ಹರೀತಾನೇ ಇತ್ತು. 2014ರಲ್ಲಿ ಅಲ್ಲಿ ಎರಡು ಕೊಳ ಕಟ್ಟಿ, ಮರದ ಚಕ್ಕೆ, ಸುಣ್ಣಕಲ್ಲು, ಚರಂಡಿ ಶುದ್ಧೀಕರಣದ ಗಸಿ ಬೆರೆಸಿ ತುಂಬಿದರು. ಗಣಿ ನೀರು ಮೇಲಿಂದ ಕೆಳಕ್ಕೆ ಅದರೊಳಗೆ ಇಳಿಯುತ್ತೆ. ಗಾಳಿ ಇಲ್ಲದ ಆ ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ಮರದ ಚಕ್ಕೆ ತಿಂದು ನೀರಿನ ಸಲ್ಫೇಟನ್ನ ಸಲ್ಫೈಡ್ ಮಾಡ್ತವೆ. ಸಲ್ಫೈಡ್ ಸತುವನ್ನ ಹಿಡಿದು ಘನವಾಗಿ ಕೂರಿಸಿಬಿಡುತ್ತೆ. ಗಂಧಕದ ಖನಿಜ ಆಮ್ಲ ಆದ ದಾರಿಯಲ್ಲೇ ಹಿಂದಕ್ಕೆ ನಡೆದ ಹಾಗೆ. ನೀರು ಶುದ್ಧ ಮಾಡೋಕೆ ಕರೆಂಟು ಬೇಡ, ರಾಸಾಯನಿಕ ಬೇಡ. ಶಿವನಸಮುದ್ರದಿಂದ ತಂತಿ ಎಳೆದು ತೋಡಿದ ಕಾಲಕ್ಕೆ ಇದು ತಮಾಷೆ ಅನಿಸ್ತಿತ್ತೇನೋ.

ಆದರೆ ಸತು ಎಲ್ಲೂ ಮಾಯವಾಗಿಲ್ಲ. ಕೊಳದ ತಳದಲ್ಲಿದೆ. ನಂಜನಗೂಡಿನವರಿಗೆ ಈ ಕಥೆ ಹೊಸದಲ್ಲ. ನಂಜುಂಡ ವಿಷವನ್ನ ಇಲ್ಲದ ಹಾಗೆ ಮಾಡಲಿಲ್ಲ, ಉಗುಳಲೂ ಇಲ್ಲ, ಕಂಠದಲ್ಲೇ ಹಿಡಿದುಕೊಂಡ. ಹೊಟ್ಟು, ಸಿಪ್ಪೆ, ಮರದ ಚಕ್ಕೆ ಮಾಡೋದೂ ಅಷ್ಟೇ. ಆಮ್ಲದಲ್ಲಿ ತೊಳೆದರೆ ಸಿಪ್ಪೆ ಖಾಲಿಯಾಗುತ್ತೆ, ಲೋಹ ಆ ತೊಳೆದ ನೀರಿಗೆ ಬರುತ್ತೆ. ಕೊಳ ತುಂಬಿದರೆ ಎಲ್ಲ ಅಗೆದು ಹೊಸದು ಹಾಕಬೇಕು. ಅಗೆದದ್ದನ್ನ ಗದ್ದೆಗೆ ಗೊಬ್ಬರ ಅಂತ ಹಾಕಿದರೆ ಎಲ್ಲಾ ವ್ಯರ್ಥ. “ತ್ಯಾಜ್ಯದಿಂದ ಶುದ್ಧ ನೀರು” ಅಂತ ಪೋಸ್ಟರ್ ಮಾಡೋ ಸೈನ್ಸ್ ಎಕ್ಸಿಬಿಷನ್ ತಂಡಗಳಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಹಿಡಿದದ್ದನ್ನ ಎಲ್ಲಿ ಇಡ್ತೀರಿ?

ಇನ್ನೊಂದು ವಿಷಯ, ಇದು ಪುಸ್ತಕದಲ್ಲಿ ಸಿಗಲ್ಲ, ಗಿರಣಿಯಲ್ಲೇ ಸಿಗುತ್ತೆ. ಸಂಶೋಧನಾ ಲೇಖನಗಳಲ್ಲಿ ಹೊಟ್ಟನ್ನ “ಪುಕ್ಕಟೆ ತ್ಯಾಜ್ಯ” ಅಂತ ಬರೀತಾರೆ. ಟಿ. ನರಸೀಪುರದ ಕಡೆ ಯಾವುದಾದರೂ ರೈಸ್ ಮಿಲ್ಲಿಗೆ ಹೋಗಿ ಒಂದು ಲಾರಿ ಹೊಟ್ಟು ಪುಕ್ಕಟೆ ಕೊಡಿ ಅಂತ ಕೇಳಿ ನೋಡಿ! ಹೊಟ್ಟು ಈಗ ಬಾಯ್ಲರಿಗೆ ಬೇಕು, ಇಟ್ಟಿಗೆ ಗೂಡಿಗೆ ಬೇಕು. ಕಬ್ಬಿನ ಸಿಪ್ಪೆಯಿಂದ ಸಕ್ಕರೆ ಕಾರ್ಖಾನೆಗಳೇ ಕರೆಂಟು ತೆಗೀತವೆ. ನಿಜಕ್ಕೂ ಯಾರಿಗೂ ಬೇಡವಾಗಿ ಬಿದ್ದಿರೋದು ಗೊನೆ ಕಡಿದ ಮೇಲಿನ ಬಾಳೆ ದಿಂಡು, ಹೋಟೆಲಿನ ಮೊಟ್ಟೆ ಚಿಪ್ಪು, ಬಾಯ್ಲರಿನಲ್ಲಿ ಹೊಟ್ಟು ಉರಿದ ಮೇಲೆ ಉಳಿಯೋ ಬೂದಿ. ಹೊಟ್ಟು ದುಡ್ಡಾಯ್ತು, ಬೂದಿ ಮತ್ತೆ ರಸ್ತೆ ಪಕ್ಕಕ್ಕೆ ಬಂತು. 1913ರಲ್ಲಿ ಪಂಡಿತರು ಕೈಗೆ ತಗೊಂಡದ್ದು ಅದನ್ನೇ.

ಮುಂದಿನ ಪೋಸ್ಟ್‌ನಲ್ಲಿ ಸಿಂಧುವಳ್ಳಿ ಕ್ರೋಮೈಟಿನ ಕಥೆ. ನಿಮ್ಮ ತಾತ ಅಲ್ಲಿ ಕೆಲಸ ಮಾಡಿದ್ದರೆ, ಮನೆಯಲ್ಲಿ ಹಳೇ ಫೋಟೋ ಇದ್ದರೆ ಮೆಸೇಜ್ ಮಾಡಿ.

#ನಂಜನಗೂಡು #ಟಿನರಸೀಪುರ #ಕಪಿಲೆ #ಕೆಜಿಎಫ್ #ನಮ್ಮೂರಇತಿಹಾಸ