ನಾಲಗೆಯ ಒತ್ತಡವೂ ಹಲ್ಲುಗಳ ನೆಲೆಯೂ

ಹಲ್ಲುಸಾಲಿನ ಒಳಮೈಗೆ ನಾಲಗೆಯೂ ಹೊರಮೈಗೆ ತುಟಿಕೆನ್ನೆಗಳೂ ತಾಗಿಕೊಂಡಿರುವುದು ಸರ್ವವಿದಿತವಾಗಿದೆ. ಈ ಎರಡು ಒತ್ತಡಗಳ ನಡುವೆಯೇ ಹಲ್ಲುಗಳು ನೆಲೆಗೊಳ್ಳುವುವೆಂದು ಇಂಗ್ಲೆಂಡಿನ ದಂತವೈದ್ಯರಾದ ಚಾರ್ಲ್ಸ್ ಟೋಮ್ಸ್ 1873ರಲ್ಲಿ ಪ್ರತಿಪಾದಿಸಿದರು. ಹಾಗಾದರೆ, ದೊಡ್ಡ ನಾಲಗೆಯನ್ನು ಕತ್ತರಿಸಿ ಕಿರಿದುಮಾಡಿದೊಡನೆ ಒತ್ತಡವು ತಗ್ಗಿ, ಮುಂಚಾಚಿದ ಹಲ್ಲುಗಳು ಹಿಂದಕ್ಕೆ ಸರಿಯಬೇಕಲ್ಲವೆ? ಈ ತರ್ಕವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ನಾಲಗೆಗೆ ಶಸ್ತ್ರವಿಡುವುದರಲ್ಲಿ ಆತುರವು ಸಲ್ಲದೆಂಬುದಕ್ಕೆ ಪೂರ್ವದೃಷ್ಟಾಂತವುಂಟು. 1841ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ ಎಂಬ ಶಸ್ತ್ರವೈದ್ಯರು ತೊದಲನ್ನು ಗುಣಪಡಿಸುವೆನೆಂದು ನಾಲಗೆಯ ಬುಡದಿಂದ ಬೆಣೆಯಾಕಾರದ ತುಂಡನ್ನು ಕೊಯ್ದು ತೆಗೆದರು. ಯೂರೋಪಿನ ಹಲವರು ಇದನ್ನನುಸರಿಸಿದರು. ರಕ್ತಸ್ರಾವವೂ ಮರಣಗಳೂ ಸಂಭವಿಸಲು ಬೇಗನೆ ಕೈಬಿಟ್ಟರು. ದೋಷವು ನಾಲಗೆಯ ಮಾಂಸದಲ್ಲಿರಲಿಲ್ಲ.

ಹಲ್ಲುಗಳ ವಿಷಯದಲ್ಲಿ ವಿಚಾರವು ನಿಧಾನವಾಗಿ ತಿಳಿಯಾಯಿತು. 1963ರಲ್ಲಿ ವೈನ್‌ಸ್ಟೈನರೂ ಅವರ ಸಹೋದ್ಯೋಗಿಗಳೂ ಹಲ್ಲಿಗೆ ಚಿನ್ನದ ಉಬ್ಬನ್ನು ಕೂಡಿಸಿ ನೋಡಿ, ಅತ್ಯಲ್ಪವಾದ ಒತ್ತಡವೂ ಬಹುಕಾಲ ನಿಂತರೆ ಹಲ್ಲು ಸರಿಯುವುದೆಂದು ತೋರಿಸಿದರು. 1978ರಲ್ಲಿ ಅಮೆರಿಕದ ಪ್ರೊಫಿಟ್ ಈ ವಿಚಾರವನ್ನು ಮರಳಿ ಶೋಧಿಸಿ, ಒತ್ತಡದ ಬಲಕ್ಕಿಂತ ಅದು ನಿಲ್ಲುವ ಕಾಲವೇ ಮುಖ್ಯವೆಂದರು. ನುಂಗುವಾಗ ನಾಲಗೆಯು ಬಲವಾಗಿ ಒತ್ತುವುದು ದಿಟ. ಆದರೆ ಅದು ಒಂದು ಸೆಕೆಂಡಿನಷ್ಟು ಕಾಲ ಮಾತ್ರ. ದಿನಕ್ಕೆ 1000 ಸಲ ನುಂಗಿದರೂ ಮೊತ್ತವು 17 ನಿಮಿಷಗಳನ್ನು ಮೀರದು. ಸುಮ್ಮನಿರುವ ನಾಲಗೆಯ ಮೆಲ್ಲನೆಯ ಸ್ಪರ್ಶವಾದರೋ ಗಂಟೆಗಟ್ಟಲೆ ಇರುವುದು. ಒಳಹೊರಗಿನ ಒತ್ತಡಗಳು ಸಮವಾಗಿಲ್ಲದಿದ್ದರೂ, ಹಲ್ಲಿನ ಬೇರನ್ನು ಎಲುಬಿಗೆ ಬಿಗಿದ ತಂತುಗಳು ಆ ಕೊರತೆಯನ್ನು ತುಂಬಿಕೊಡುವುವು. ಆದುದರಿಂದ, ಕಿರಿದಾದ ನಾಲಗೆಯೂ ಹಳೆಯ ಎಡೆಯಲ್ಲಿಯೇ ಹಲ್ಲಿಗೊರಗಿದರೆ ಶಸ್ತ್ರಕ್ರಿಯೆಯಿಂದಾದ ಲಾಭವೇನು?

ಹಾಗೆಂದು ಶಸ್ತ್ರಕ್ರಿಯೆಯು ನಿಷ್ಪರಿಣಾಮಿಯೆಂದು ಹೇಳಲಾಗದು. ಬೆಳೆಯುವ ವಯಸ್ಸಿನ ಕಿರುಹಂದಿಗಳ ನಾಲಗೆಯನ್ನು ಕಿರಿದುಮಾಡಿದಾಗ ಮುಂದಣ ಹಲ್ಲುಸಾಲಿನ ಅಗಲವೂ ದವಡೆಯ ಬೆಳವಣಿಗೆಯೂ ಕುಂಠಿತವಾದುವೆಂದು ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಎಂದರೆ, ಬೆಳೆಯುವ ದವಡೆಗೆ ನಾಲಗೆಯೇ ಅಚ್ಚು. ಅದನ್ನು ಕುಂದಿಸಿದರೆ ಎರಕವೂ ಕುಂದುವುದು. ಬೆಕ್‌ವಿತ್ 1963ರಲ್ಲಿಯೂ ವೀಡೆಮನ್ 1964ರಲ್ಲಿಯೂ ವರ್ಣಿಸಿದ ಜನ್ಮವ್ಯಾಧಿಯಲ್ಲಿ ಹಲವು ಶಿಶುಗಳ ನಾಲಗೆಯು ನಿಜವಾಗಿಯೂ ಬಾಯಿಯನ್ನು ಮೀರಿ ಬೆಳೆದು, ಉಸಿರಿಗೂ ಆಹಾರಕ್ಕೂ ಅಡ್ಡಿಯಾಗಬಹುದು. ಅಂತಹ ಕಡೆ ಕತ್ತಿಗೆ ನ್ಯಾಯವಾದ ಎಡೆಯಿದೆ.

ಉಳಿದೆಡೆ ನಾಲಗೆಯ ಗಾತ್ರವನ್ನಳೆಯುವ ಮುನ್ನ ಅದು ಎಲ್ಲಿ ಒರಗಿರುವುದು, ಎಷ್ಟು ಕಾಲ ಒರಗಿರುವುದು ಎಂಬುದನ್ನು ಅರಿಯಬೇಕು. ಕತ್ತರಿಸಿ ತೆಗೆದ ಮಾಂಸವನ್ನು ಮರಳಿ ಕೂಡಿಸಲಾಗದು.