ಕಹಳೆಯಿಂದ ಗ್ಯಾರೇಜಿನವರೆಗೆ: ಹವ್ಯಾಸಿಗಳ ಧ್ವನಿಸುರುಳಿಯ ಕಥೆ

1996ರಲ್ಲಿ ನಾನು ಮದುವೆಯಾಗಿ ಮೆಲ್ಬರ್ನಿಗೆ ಹೊರಟಾಗ ತಾಯಿಯವರು ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಅರಿಸಿನ ಕುಂಕುಮಗಳ ಜೊತೆಗೆ ಒಂದು ಧ್ವನಿಸುರುಳಿಯನ್ನೂ ಇಟ್ಟಿದ್ದರು. ಅದು ಕೆ. ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’. ನಾವು ನೆಲೆಸಿದ ಗ್ಲೆನ್ ವೇವರ್ಲಿಯು ನಗರದಿಂದ ಹೊರಡುವ ರೈಲುಮಾರ್ಗವೊಂದರ ಕಟ್ಟಕಡೆಯ ನಿಲ್ದಾಣ. ಪತಿಯವರು ಬೆಳಿಗ್ಗೆ ರೈಲು ಹತ್ತಿದ ಮೇಲೆ ಆ ನಿಶ್ಶಬ್ದ ಮನೆಯಲ್ಲಿ ನನಗೆ ಕನ್ನಡ ಕೇಳಿಸುತ್ತಿದ್ದುದು ಆ ಸುರುಳಿಯಿಂದ ಮಾತ್ರ. ಎಂಟು ವರ್ಷಗಳ ಬಳಿಕ ನಾವು ಕೆಲವು ಕುಟುಂಬದವರು ಸೇರಿ ನಮ್ಮದೇ ಒಂದು ಗೀತಸಂಪುಟವನ್ನು ಹೊರತಂದೆವು. ಆ ಸಣ್ಣ ಸಾಹಸವನ್ನು ನಿವೇದಿಸುವ ಮುನ್ನ ಅದಕ್ಕೆ ದಾರಿ ಮಾಡಿಕೊಟ್ಟ ಹಿರಿಯರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ತಟ್ಟೆಗಾಗಿ ಮುದ್ರಿಸಿಕೊಂಡಾಗ ಮೈಕ್ ಎಂಬುದು ಬಳಕೆಯಲ್ಲಿರಲಿಲ್ಲ. ಗಾಯಕಿ ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ಪಕ್ಕವಾದ್ಯದವರು ಅಳತೆಯರಿತು ದೂರದಲ್ಲಿ ಕುಳಿತುಕೊಳ್ಳಬೇಕು. ಯಾರ ಧ್ವನಿ ಎಷ್ಟು ಕೇಳಬೇಕೆಂಬುದನ್ನು ಈ ದೂರವೇ ನಿರ್ಧರಿಸುತ್ತಿತ್ತು. ಎಲ್ಲವೂ ಸುಮಾರು ಮೂರು ನಿಮಿಷಗಳಲ್ಲಿ ಮುಗಿಯಬೇಕಿತ್ತು. ಮುದ್ರಣವು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಮರಳುತ್ತಿತ್ತು. ಅಲ್ಲಿನವರಿಗೆ ಗುರುತು ಸಿಗಲೆಂದು ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರೆಂದು ಪ್ರತೀತಿ. ಅವರು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದರು.

ಮುಂದೆ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಕನ್ನಡ ಕವಿತೆಯನ್ನು ಜನರ ನಾಲಗೆಗೆ ತಂದರು. ಆದರೆ ಗ್ರಾಮಫೋನು ಉಳ್ಳವರ ಮನೆಯ ವಸ್ತುವಾಗಿತ್ತು. 1963ರಲ್ಲಿ ಫಿಲಿಪ್ಸ್ ಕಂಪನಿಯು ಹೊರತಂದ ಅಂಗೈಯಗಲದ ಕ್ಯಾಸೆಟ್ಟು ಈ ಅಂತರವನ್ನು ಅಳಿಸಿತು. ಒಂದು ಗಂಟೆಯ ಸುರುಳಿಯಲ್ಲಿ ಹತ್ತು ಹನ್ನೆರಡು ಹಾಡುಗಳನ್ನು ಅಡಕಗೊಳಿಸಬಹುದಾಗಿತ್ತು. 1978ರಲ್ಲಿ ಬಂದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಖ್ಯಾತವಾಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಪರಂಪರೆಯನ್ನು ಕಟ್ಟಿದವರಲ್ಲಿ ಹಲವರು ಹೊಟ್ಟೆಪಾಡಿಗೆ ಬೇರೊಂದು ವೃತ್ತಿಯನ್ನು ಹಿಡಿದಿದ್ದರು. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಭೂವಿಜ್ಞಾನ ಬೋಧಿಸುತ್ತಿದ್ದರು. ಸಿ. ಅಶ್ವತ್ಥ್ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ 27 ವರ್ಷ ದುಡಿದರು. ‘ಕಾಡು ಕುದುರೆ’ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣನವರು ವಕೀಲರು. ‘ಮೈಸೂರು ಮಲ್ಲಿಗೆ’ಯ ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ನೌಕರರು. ಹಗಲಿನ ದುಡಿಮೆ ಮುಗಿದ ಮೇಲೆ ಉಳಿದ ಸಂಜೆಗಳಲ್ಲಿ ಕನ್ನಡದ ಒಂದು ಸಂಗೀತ ಪ್ರಕಾರವೇ ಬೆಳೆಯಿತೆಂಬುದು ನಮ್ಮಂಥ ಹವ್ಯಾಸಿಗಳಿಗೆ ಧೈರ್ಯ ಕೊಡುವ ಮಾತು.

ಉಪಕರಣಗಳೂ ಕ್ರಮೇಣ ನಮ್ಮ ಕೈಗೆ ಎಟುಕಿದವು. ಬೀಟಲ್ಸ್ ತಂಡವು 1967ರಲ್ಲಿ ಲಂಡನ್ನಿನ ಬೃಹತ್ ಸ್ಟುಡಿಯೋದಲ್ಲಿ ತನ್ನ ಪ್ರಸಿದ್ಧ ‘ಸಾರ್ಜೆಂಟ್ ಪೆಪರ್ಸ್’ ಸಂಪುಟವನ್ನು ತಯಾರಿಸಿದ್ದು ನಾಲ್ಕು ಪಥಗಳ ಯಂತ್ರದಲ್ಲಿ. ಅಂದರೆ ಒಂದೇ ಸುರುಳಿಯ ಮೇಲೆ ನಾಲ್ಕು ಧ್ವನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ, ಬಳಿಕ ಹದವರಿತು ಬೆರೆಸುವ ಯಂತ್ರ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿಯು ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಪಥಗಳನ್ನು ಮುದ್ರಿಸುವ ಪುಟ್ಟ ಯಂತ್ರವನ್ನು ತಂದಿತು. ಮುಂದೆ ಮನೆಯ ಕಂಪ್ಯೂಟರೇ ಆ ಕೆಲಸವನ್ನು ವಹಿಸಿಕೊಂಡಿತು.

ಹೀಗೆ 2004ರ ಚಳಿಗಾಲದಲ್ಲಿ ಗ್ಲೆನ್ ವೇವರ್ಲಿಯ ನಮ್ಮ ಗ್ಯಾರೇಜು ಸ್ಟುಡಿಯೋ ಆಯಿತು. ಪ್ರತಿಧ್ವನಿ ಬಾರದಿರಲೆಂದು ಗೋಡೆಗಳಿಗೆಲ್ಲ ರಜಾಯಿಗಳನ್ನು ನೇತುಹಾಕಿದೆವು. ಗ್ಯಾರೇಜಿನ ಹಳೆಯ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಮುದ್ರಣವಾಗುತ್ತದೆಂದು ಅದನ್ನು ಆರಿಸಿ, ಮತ್ತೆ ಹಾಕಲು ಮರೆತು, ಎರಡು ದಿನದ ಹಾಲು ಕೆಡಿಸಿಕೊಂಡೆವು. ಹಾರ್ಮೋನಿಯಂ, ತಬಲಾ, ಕೊಳಲು, ನಾಲ್ವರು ದೊಡ್ಡವರು, ಆರು ಮಕ್ಕಳು: ಇದೇ ನಮ್ಮ ವೃಂದ. ಅನುಮತಿಯ ಗೊಡವೆ ಬೇಡವೆಂದು ದಾಸರ ಪದಗಳನ್ನೂ ವಚನಗಳನ್ನೂ ಆರಿಸಿಕೊಂಡು ನಾವೇ ರಾಗ ಹಾಕಿದ್ದೆವು.

ಹಾಡುವುದಕ್ಕಿಂತ ಬೆರೆಸುವುದು ಕಷ್ಟವೆಂದು ತಿಳಿದದ್ದು ಆಮೇಲೆ. ಕೊಳಲನ್ನು ಎಡಕ್ಕೆ ಸರಿಸಿದರೆ ಕಂಠ ತಿಳಿಯಾಗುವುದು. ತಬಲಾ ಹೆಚ್ಚಿಸಿದರೆ ಸಾಹಿತ್ಯ ಮುಳುಗುವುದು. ಮನೆಯಲ್ಲಿ ಚೆನ್ನಾಗಿ ಕೇಳಿದ್ದು ಕಾರಿನಲ್ಲಿ ಕೇಳಿದರೆ ಬೇರೆಯೇ! ಆಗ ಗುಂಪಿನ ಹಿರಿಯರೊಬ್ಬರು, “ಮಕ್ಕಳಿಗೆ ‘ಳ’ಕಾರ ಹೊರಳುವುದಿಲ್ಲ. ಊರಿನವರು ಕೇಳಿದರೆ ನಗುತ್ತಾರೆ. ಅವರ ಪಥವನ್ನು ತಗ್ಗಿಸಿಬಿಡೋಣ” ಎಂದರು. ಕನ್ನಡವನ್ನು ಐಚ್ಛಿಕವಾಗಿ ಓದಿ ಬಿ.ಎ. ಮಾಡಿದ ನಾನು ಮೊದಲು ತಲೆಯಾಡಿಸಿದೆನೆಂಬುದನ್ನು ಇಂದಿಗೂ ನಾಚಿಕೆಯಿಂದಲೇ ಹೇಳುತ್ತೇನೆ.

ಭಾನುವಾರ ಕಾರಿನಲ್ಲಿ ಹೊಸ ಮಿಶ್ರಣವನ್ನು ಹಾಕಿದಾಗ ಹಿಂದೆ ಕುಳಿತಿದ್ದ ಆರು ವರ್ಷದ ಮಗಳು, “ಅಮ್ಮ, ನಾನು ಎಲ್ಲಿ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅಂದು ಸಂಜೆ ಆ ಹಿರಿಯರ ಮನೆಗೆ ಹೋಗಿ ನಡೆದುದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಏರಿಸಮ್ಮ” ಎಂದರು. ಇನ್ನೂ ಮೂರು ವಾರಾಂತ್ಯಗಳು ಹಿಡಿದವು. ಗೌಹರ್ ಜಾನ್ ಅವರ ಪದ್ಧತಿಯನ್ನು ನೆನೆದು, ಕೊನೆಯ ಹಾಡಿನ ನಂತರ ಪ್ರತಿ ಮಗುವೂ ತನ್ನ ಹೆಸರನ್ನೂ ಅಜ್ಜಿಯ ಊರನ್ನೂ ಹೇಳುವಂತೆ ಮಾಡಿದೆವು.

ರಾಜ್ಯೋತ್ಸವದ ದಿನ ಬಾಡಿಗೆಯ ಸಭಾಂಗಣದಲ್ಲಿ ಧ್ವನಿಸಾಂದ್ರಿಕೆಯ ಬಿಡುಗಡೆಯಾಯಿತು. ಮುನ್ನೂರು ಪ್ರತಿ ಮಾಡಿಸಿದ್ದೆವು. ನಲವತ್ತು ಈಗಲೂ ನಮ್ಮ ಬೀರುವಿನಲ್ಲಿವೆ. ‘ಳ’ಕಾರದ ತಪ್ಪನ್ನು ಕೆಲವರು ಎತ್ತಿ ತೋರಿಸಿದರು, ಅದು ನ್ಯಾಯವೇ. ಆದರೆ ಆ ಆರು ಮಕ್ಕಳೂ ಮುಂದಿನ ವರ್ಷ ತಾವಾಗಿಯೇ ಹಾಡಲು ಬಂದರು.

ಸಮ್ಮೇಳನಕ್ಕೆ ಆಗಮಿಸಿರುವ ಸಹೃದಯ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಗಳಲ್ಲಿಯೂ ಸಂಘದ ಹಳೆಯ ಕಾರ್ಯಕ್ರಮಗಳ ಕ್ಯಾಸೆಟ್ಟುಗಳಿರಬಹುದು. ಕಾಲಕ್ರಮದಲ್ಲಿ ಸುರುಳಿಯ ಲೇಪ ಕೆಟ್ಟು ಧ್ವನಿ ಮಾಸುತ್ತದೆ. ಅವುಗಳನ್ನು ಕಂಪ್ಯೂಟರಿಗೆ ವರ್ಗಾಯಿಸಿ, ಹಾಡಿದವರ ಹೆಸರು, ಊರು, ಇಸವಿಗಳನ್ನು ಬರೆದಿಡಿ. ಅಮ್ಮ ಕೊಟ್ಟ ‘ನಿತ್ಯೋತ್ಸವ’ದ ಒಂದು ಮಗ್ಗುಲು ಈಗ ಮೌನವಾಗಿದೆ. ಆ ಹಾಡುಗಳು ಬೇರೆಡೆ ದೊರೆಯುತ್ತವೆ. ನಮ್ಮ ಮಕ್ಕಳ ಧ್ವನಿ ಬೇರೆಲ್ಲಿಯೂ ದೊರೆಯದು.