ಐರ್ಲೆಂಡಿನ ಮಿಶ್ರ ಸಂಚಾರ ಉಗಿ ಎಂಜಿನ್‌ಗಳು

ಐರ್ಲೆಂಡಿನ ರೈಲು ಹಳಿಯ ಅಗಲ 5 ಅಡಿ 3 ಅಂಗುಲ. ಬ್ರಿಟನ್ನಿನ ಹಳಿಗಿಂತ ಇದು ಅಗಲವಾಗಿದ್ದರೂ ಅದರ ಮೇಲಿನ ಸಂಚಾರ ತೀರ ವಿರಳವಾಗಿತ್ತು. ಕೆಲಸಕ್ಕೊಂದರಂತೆ ಎಂಜಿನ್ ಇಟ್ಟುಕೊಳ್ಳುವಷ್ಟು ಆದಾಯ ಅಲ್ಲಿನ ಕಂಪನಿಗಳಿಗೆ ಇರಲಿಲ್ಲ. ಪ್ರಯಾಣಿಕರನ್ನು ಎಳೆದ ಎಂಜಿನ್ನೇ ಜಾನುವಾರು ಸಂತೆಯ ದಿನ ದನಗಳ ಗಾಡಿಯನ್ನೂ ಡಬ್ಲಿನ್ ಬಂದರಿಗೆ ಮುಟ್ಟಿಸಬೇಕಿತ್ತು. ಮಿಶ್ರ ಸಂಚಾರ ಎಂಜಿನ್‌ಗಳು ಅಲ್ಲಿ ಬೆಳೆದದ್ದು ಈ ಅಗತ್ಯದಿಂದ.

ಈ ಕೆಲಸವನ್ನು ಮೊದಲು ನಿಭಾಯಿಸಿದ್ದು ಗ್ರೇಟ್ ಸದರ್ನ್ ಅಂಡ್ ವೆಸ್ಟರ್ನ್ ರೈಲ್ವೆಯ 101 ವರ್ಗ. 1866ರಿಂದ 1903ರವರೆಗೆ ಇಂಥ 111 ಎಂಜಿನ್‌ಗಳು ತಯಾರಾದವು. ಆರೂ ಚಕ್ರಗಳಿಗೆ ಚಾಲನೆಯಿದ್ದ ಈ ಹಗುರ ಎಂಜಿನ್‌ಗಳು ದುರ್ಬಲ ಸೇತುವೆಗಳ ಮೇಲೂ ಹೋಗಬಲ್ಲವಾಗಿದ್ದವು. ಗಾಡಿಗಳ ಭಾರ ಹೆಚ್ಚಿದಂತೆ ದೊಡ್ಡ ಬಾಯ್ಲರ್ ಬೇಕಾಯಿತು. ಮುಂಭಾಗದ ತೂಕ ಹೊರಲು ಎದುರಿಗೆ ಇನ್ನೊಂದು ಜೊತೆ ಸಣ್ಣ ಚಕ್ರಗಳು ಬಂದವು. ಇದೇ 2-6-0 ಅಥವಾ 'ಮೊಗಲ್' ವಿನ್ಯಾಸ.

ಡಬ್ಲಿನ್ ಅಂಡ್ ಸೌತ್ ಈಸ್ಟರ್ನ್ ರೈಲ್ವೆಗಾಗಿ 1922ರಲ್ಲಿ ಬೇಯರ್ ಪೀಕಾಕ್ ಕಾರ್ಖಾನೆ ಇಂಥ ಎರಡು ಮೊಗಲ್‌ಗಳನ್ನು ಕಟ್ಟಿತು. ಡಬ್ಲಿನ್–ವೆಕ್ಸ್‌ಫರ್ಡ್ ಮಾರ್ಗದ ಸರಕು ಸಾಗಣೆಯೇ ಅವುಗಳ ಮುಖ್ಯ ಕೆಲಸ. ಅಂತರ್ಯುದ್ಧ ನಡೆಯುತ್ತಿದ್ದುದರಿಂದ ಅವನ್ನು ಮೊದಲು ಬೆಲ್‌ಫಾಸ್ಟ್‌ನಲ್ಲಿ ಜೋಪಾನವಾಗಿ ಇರಿಸಲಾಗಿತ್ತು.

ಎರಡೂ ಬಗೆಯ ಕೆಲಸಕ್ಕೆ ಹೊಂದುವುದು ಚಕ್ರದ ಅಳತೆಯನ್ನು ಅವಲಂಬಿಸಿದೆ. ಗಂಟೆಗೆ 60 ಮೈಲಿ ವೇಗದಲ್ಲಿ 6 ಅಡಿ 7 ಅಂಗುಲದ ಎಕ್ಸ್‌ಪ್ರೆಸ್ ಚಕ್ರ ಸೆಕೆಂಡಿಗೆ 4 ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ, 5 ಅಡಿ 6 ಅಂಗುಲದ ಚಕ್ರ 5 ಸುತ್ತು ತಿರುಗಬೇಕು. ಚಿಕ್ಕ ಚಕ್ರ ಎಳೆಯುವ ಬಲವನ್ನು ಹೆಚ್ಚಿಸುತ್ತದೆ. ಆದರೆ ಪಿಸ್ಟನ್, ಕವಾಟಗಳು ಅಷ್ಟೇ ಚುರುಕಾಗಿ ಆಡಬೇಕಾಗುತ್ತದೆ. 1924ರಲ್ಲಿ ಗ್ರೇಟ್ ಸದರ್ನ್ ಅಂಡ್ ವೆಸ್ಟರ್ನ್ ರೈಲ್ವೆಗಾಗಿ ಜೆ. ಆರ್. ಬೇಜಿನ್ ರೂಪಿಸಿದ 500 ವರ್ಗದ 4-6-0 (ಮುಂದೆ ನಾಲ್ಕು ಸಣ್ಣ ಚಕ್ರ, ಹಿಂದೆ ಆರು ಚಾಲನ ಚಕ್ರಗಳ) ಎಂಜಿನ್ 5 ಅಡಿ 8½ ಅಂಗುಲದ ಚಕ್ರ ಮತ್ತು ಎರಡೇ ಸಿಲಿಂಡರ್‌ಗಳ ಸರಳ ಏರ್ಪಾಟಿನಿಂದ ಈ ಸಮತೋಲವನ್ನು ಸಾಧಿಸಿತು. 1916ರಿಂದ ಬಂದ, ನಾಲ್ಕು ಸಿಲಿಂಡರ್‌ಗಳ 400 ವರ್ಗ ತಲೆನೋವಾಗಿದ್ದಾಗ ಇದು ನೆಚ್ಚಿಗೆಯ ಎಂಜಿನ್ ಎನಿಸಿತು. ಆದರೆ ಕಟ್ಟಿದ್ದು ಮೂರು ಮಾತ್ರ.

ಸಂಖ್ಯೆಯ ಕೊರತೆ ನೀಗಿದ್ದು 'ವುಲ್ವಿಚ್' ಮೊಗಲ್‌ಗಳಿಂದ. ಅವುಗಳ ವಿನ್ಯಾಸಕಾರ ರಿಚರ್ಡ್ ಮಾನ್ಸೆಲ್ ಡಬ್ಲಿನ್ ಮೂಲದವರು. ಡಬ್ಲಿನ್ನಿನ ಇಂಚಿಕೋರ್ ರೈಲ್ವೆ ಕಾರ್ಖಾನೆಯ ಹೊಣೆ ಹೊತ್ತಿದ್ದ ಅವರು 1913ರಲ್ಲಿ ಇಂಗ್ಲೆಂಡಿನ ಆಶ್‌ಫರ್ಡ್‌ಗೆ ಹೋದರು. ಅಲ್ಲಿ 1917ರಲ್ಲಿ ಅವರ ಎನ್ ವರ್ಗ ಹೊರಬಂತು: ಹೊರಬದಿಯಲ್ಲಿ 19 ಅಂಗುಲ ವ್ಯಾಸದ ಎರಡು ಸಿಲಿಂಡರ್‌ಗಳು, ಚದರ ಅಂಗುಲಕ್ಕೆ 200 ಪೌಂಡ್ ಒತ್ತಡದ ಬಾಯ್ಲರ್, 5 ಅಡಿ 6 ಅಂಗುಲದ ಚಕ್ರ. ಮೊದಲ ಮಹಾಯುದ್ಧ ಮುಗಿದ ಮೇಲೆ ವುಲ್ವಿಚ್ ಶಸ್ತ್ರಾಗಾರದ ಕೆಲಸಗಾರರು ನಿರುದ್ಯೋಗಿಗಳಾಗದಿರಲೆಂದು ಇದೇ ಎಂಜಿನ್‌ನ ಭಾಗಗಳನ್ನು ಅಲ್ಲಿ ತಯಾರಿಸಲಾಯಿತು. ಮಿಡ್‌ಲ್ಯಾಂಡ್ ಗ್ರೇಟ್ ವೆಸ್ಟರ್ನ್ ರೈಲ್ವೆ ಅದರಲ್ಲಿ 12 ಎಂಜಿನ್‌ಗಳಿಗಾಗುವ ಭಾಗಗಳನ್ನು ಕೊಂಡು ಡಬ್ಲಿನ್ನಿನ ಬ್ರಾಡ್‌ಸ್ಟೋನ್‌ನಲ್ಲಿ ಅಗಲ ಹಳಿಗೆ ತಕ್ಕಂತೆ ಜೋಡಿಸತೊಡಗಿತು. 1925ರಲ್ಲಿ ಕಂಪನಿಗಳು ಗ್ರೇಟ್ ಸದರ್ನ್ ರೈಲ್ವೇಸ್‌ನಲ್ಲಿ ವಿಲೀನವಾದ ಮೇಲೆ ಇನ್ನಷ್ಟು ಸೇರಿ ಒಟ್ಟು 26 ಆದವು. ಕೊನೆಯ 6 ಎಂಜಿನ್‌ಗಳಿಗೆ 6 ಅಡಿಯ ಚಕ್ರ ಕೂಡಿಸಲಾಯಿತು. ಗಾಲ್ವೇ ಮಾರ್ಗದಿಂದ ಹಿಡಿದು ಕಾರ್ಕ್–ರಾಸ್‌ಲೇರ್ ಹಡಗು ಸಂಪರ್ಕದ ಎಕ್ಸ್‌ಪ್ರೆಸ್‌ವರೆಗೆ ಅವು ದುಡಿದವು.

ಉತ್ತರದಲ್ಲಿ ಬ್ರಿಟನ್ನಿನ ಎಲ್‌ಎಂಎಸ್ ರೈಲ್ವೆ ಕಂಪನಿಯ ನಾರ್ದರ್ನ್ ಕೌಂಟೀಸ್ ಕಮಿಟಿ 1933ರಿಂದ 6 ಅಡಿ ಚಕ್ರದ 15 ಮೊಗಲ್‌ಗಳನ್ನು ಇಳಿಸಿತು. ಅವುಗಳ ಮುಂದುವರಿಕೆಯಾಗಿ 1946ರಿಂದ 1950ರ ನಡುವೆ 18 ಟ್ಯಾಂಕ್ ಎಂಜಿನ್‌ಗಳು ಬಂದವು. ನೀರು, ಕಲ್ಲಿದ್ದಲನ್ನು ತಮ್ಮ ಮೈಮೇಲೇ ಹೊತ್ತ ಇವನ್ನು ಮಾರ್ಗದ ಕೊನೆಯಲ್ಲಿ ತಿರುಗಿಸಿ ನಿಲ್ಲಿಸುವ ಅಗತ್ಯವಿರಲಿಲ್ಲ. ಪ್ರಯಾಣಿಕರ ಗಾಡಿಗಳನ್ನು ಎಳೆದದ್ದಲ್ಲದೆ, 1966ರಿಂದ 1970ರವರೆಗೆ ಎಂ2 ಹೆದ್ದಾರಿಯ ನಿರ್ಮಾಣಕ್ಕೆ ಕಲ್ಲುಮಣ್ಣನ್ನೂ ಇವೇ ಸಾಗಿಸಿದವು.

ಡೀಸೆಲ್ ಬಂದಾಗ ದಕ್ಷಿಣದಲ್ಲಿ ಉಗಿಯುಗ 1960ರ ದಶಕದ ಆರಂಭದಲ್ಲೇ ಮುಗಿಯಿತು. ಐರ್ಲೆಂಡಿನ ವುಲ್ವಿಚ್ ಎಂಜಿನ್‌ಗಳಲ್ಲಿ ಒಂದೂ ಉಳಿದಿಲ್ಲ. ಆ ಕುಲದಲ್ಲಿ ಉಳಿದಿರುವ ಏಕೈಕ ಎನ್ ವರ್ಗದ ಎಂಜಿನ್, ಸಂಖ್ಯೆ 31874, ಇಂಗ್ಲೆಂಡಿನಲ್ಲಿದೆ. 1922ರ ಜೋಡಿಯಲ್ಲಿ ಒಂದಾದ 461 ಮತ್ತು ಉತ್ತರದ ಟ್ಯಾಂಕ್ ಎಂಜಿನ್ ಸಂಖ್ಯೆ 4 ಐರ್ಲೆಂಡಿನ ರೈಲ್ವೆ ಸಂರಕ್ಷಣಾ ಸಂಘದ ಆರೈಕೆಯಲ್ಲಿ ಉಳಿದುಕೊಂಡಿವೆ.